ಭಾವನ ಗಾಳಕ್ಕೆ ಬಿದ್ದ ಮೀನು

ಕ್ಷೌರಿಕ ಅಂಗಡಿಯ ಹಿಂದೆ ಒದ್ದೆಮಣ್ಣಿನ ಡಬ್ಬದಲ್ಲಿ ಎರೆಹುಳು ಸಾಕುತ್ತಿದ್ದ. ಅದೇ ಹುಳು ಚುಚ್ಚಿ ಕೆರೆಗೆ ಗಾಳ ಹಾಕಿದರೆ ಅವನಿಗೆ ಬೆರಳುದ್ದದ ಮೀನು, ಪಕ್ಕದಲ್ಲಿ ಕೂತ ಅಕ್ಕನ ಗಂಡನಿಗೆ ಮೊಳದುದ್ದದ್ದು. ನೋಡಿ ನೋಡಿ ಅವನ ಹೊಟ್ಟೆ ಉರಿಯುತ್ತಿತ್ತು.

ಒಂದು ಭಾನುವಾರ ಭಾವನ ಗಾಳದ ಕೋಲು ಬಿಲ್ಲಿನಂತೆ ಬಾಗಿತು.

“ಬೇಗ ಬಲೆ ಹಿಡಿಯೋ!”

ಇವನು ಕೈಬಲೆಯನ್ನು ಬೇಕೆಂದೇ ನಿಧಾನವಾಗಿ ಇಳಿಸಿದ. ಮೀನು ದಾರ ಹರಿದುಕೊಂಡು ಹೋಯಿತು. ಇವನಿಗೆ ಹಾಲು ಕುಡಿದಷ್ಟು ಸಂತೋಷ.

ಮರುದಿನದಿಂದ ಭಾವ ಅಂಗಡಿಯ ಬೆಂಚಿನಲ್ಲೇ ಕೂತು, ಬಂದ ಗಿರಾಕಿಗಳಿಗೆಲ್ಲ ತಪ್ಪಿಸಿಕೊಂಡ ಮೀನಿನ ಕಥೆ ಹೇಳತೊಡಗಿದ. ಹೇಳಿದಷ್ಟೂ ಮೀನು ಬೆಳೆಯಿತು. ಶನಿವಾರದ ಹೊತ್ತಿಗೆ ಅದು ಆಳುದ್ದವಾಗಿತ್ತು.

“ಬೇಕಾದ್ರೆ ನನ್ನ ಭಾಮೈದನ್ನೇ ಕೇಳಿ, ಕಣ್ಣಾರೆ ನೋಡಿದಾನೆ.”

ಗಿರಾಕಿ ಕನ್ನಡಿಯಲ್ಲೇ ಹುಬ್ಬೇರಿಸಿದ. ಕ್ಷೌರಿಕ ಕತ್ತರಿ ನಿಲ್ಲಿಸಿ, ಹಲ್ಲು ಕಚ್ಚಿಕೊಂಡು ಹೇಳಿದ: “ಹೂಂ, ಅಷ್ಟುದ್ದಾನೇ ಇತ್ತು.”