ಚಾವಿ ಹಿಡಿದ ಕೈ

ಕಂಪ್ಲಿ ಬಯಲಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಉಪಕಾಲುವೆಯ ಏರಿಯ ಮೇಲೆ ಜಡೆಪ್ಪ ನಡೆದು ಬರುತ್ತಿದ್ದಾರೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ತೂಬು ತಿರುಗಿಸುವ ಮೊಳದುದ್ದದ ಕಬ್ಬಿಣದ ಚಾವಿ. ಮೊದಲ ತೂಬಿನ ಕಟ್ಟೆಯ ಮೇಲೆ ಅಷ್ಟು ಹೊತ್ತಿಗಾಗಲೇ ಒಬ್ಬರು ಕೂತಿದ್ದಾರೆ. ಕಾಲುವೆಯ ಮೇಲ್ಭಾಗದ ದೊಡ್ಡ ರೈತ ಸಿದ್ದಲಿಂಗೇಶ್. ಇವತ್ತು ಸೋಮವಾರ, ಈ ತೂಬು ಮುಚ್ಚಿ ನೀರನ್ನು ಕೆಳಭಾಗದ ಹೊಲಗಳಿಗೆ ಬಿಡಬೇಕಾದ ದಿನ. ಸಿದ್ದಲಿಂಗೇಶ್ ಕೂತಿರುವುದು ಸರಿಯಾಗಿ ಚಾವಿ ಹಾಕುವ ಜಾಗದಲ್ಲೇ.

"ಇನ್ನೆರಡು ದಿನ ಬಿಡು ಜಡೆಪ್ಪ. ಮೂಲ್ಯಾಗಿನ ಭತ್ತದ ಮಡಿ ಇನ್ನಾ ತುಂಬಿಲ್ಲ."

"ಏಳ್ರಿ ಗೌಡ್ರ. ಸಭಾದಾಗ ಸೋಮವಾರ ಅಂತ ಆಗೇತಿ," ಎನ್ನುತ್ತಾರೆ ಜಡೆಪ್ಪ. ದನಿ ಏರುವುದಿಲ್ಲ. ಚಾವಿಯನ್ನು ಕಟ್ಟೆಗೆ ಒರಗಿಸಿ, ತಾವೂ ಪಕ್ಕದಲ್ಲಿ ಕೂತುಬಿಡುತ್ತಾರೆ. ಇಂಥ ಕೂರುವಿಕೆ ಅವರಿಗೆ ಹೊಸದಲ್ಲ.

ಜಡೆಪ್ಪ ಸರ್ಕಾರಿ ನೌಕರರಲ್ಲ. ರೈತರೇ ಕಟ್ಟಿಕೊಂಡ ನೀರು ಬಳಕೆದಾರರ ಸಂಘ ಅವರ ಕೈಗೆ ಚಾವಿ ಕೊಟ್ಟಿದೆ. ದಿನಾ ಏರಿ ಸುತ್ತಬೇಕು, ಏಡಿ ಕೊರೆದ ತೂತಿಗೆ ಮಣ್ಣು ತುಂಬಬೇಕು, ಜೊಂಡು ಕೀಳಬೇಕು. ಅದೆಲ್ಲ ಸುಲಭ. ಕಷ್ಟವಿರುವುದು ತೂಬು ಮುಚ್ಚುವುದರಲ್ಲಿ. ನೀರು ಬಿಟ್ಟಾಗ ಈ ಮನುಷ್ಯನನ್ನು ಯಾರೂ ನೆನೆಯುವುದಿಲ್ಲ, ನಿಲ್ಲಿಸಿದಾಗ ಮಾತ್ರ ಅವರ ಹಡೆದವ್ವನವರೆಗೆ ನೆನೆಯುತ್ತಾರೆ. ಸಾಲದ್ದಕ್ಕೆ ಅವರದೂ ಒಂದು ತುಂಡು ಹೊಲವಿದೆ, ಕಾಲುವೆಯ ಕಟ್ಟಕಡೆಯಲ್ಲಿ. ಹಾಗಾಗಿ ಅವರೂ ಸಂಘದ ಸದಸ್ಯರೇ, ಅವರಿಗೂ ಒಂದು ಮತವಿದೆ.

ಆ ಮತವನ್ನು ಅವರು ಒಮ್ಮೆಯೂ ಹಾಕಿಲ್ಲ. ಚಾವಿ ಹಿಡಿದವನು ಸಭೆಗೆ ಬರಬೇಕು, ಕೈ ಎತ್ತಬಾರದು ಎನ್ನುವುದು ಈ ಕಾಲುವೆಯ ಕಟ್ಟಳೆ. ಅದು ಬಂದದ್ದು ಒಂದು ತಪ್ಪಿನಿಂದ. ಜಡೆಪ್ಪನವರಿಗಿಂತ ಮೊದಲು ಚಾವಿ ಇದ್ದದ್ದು ಉಚ್ಚೆಂಗಪ್ಪ ಎಂಬ ಹಿರಿಯರ ಬಳಿ. ಒಂದು ಸಲ ಸಭೆಯಲ್ಲಿ ಅವರು ಕೆಳಗಿನವರ ಪರ ಕೈ ಎತ್ತಿದರು. ಆಮೇಲೆ ಆ ಬೆಳೆ ಮುಗಿಯುವವರೆಗೂ ಮೇಲಿನವರು ಅವರಿಗೆ ತೂಬು ಮುಟ್ಟಗೊಡಲಿಲ್ಲ. ಯಾರೋ ಹಾರೆ ಹಾಕಿ ತೂಬಿನ ಬಾಗಿಲನ್ನೇ ಕಿತ್ತರು. ಜಡೆಪ್ಪನವರಿಗೆ ಚಾವಿ ಕೊಡುವಾಗ ಉಚ್ಚೆಂಗಪ್ಪ ಹೇಳಿದ್ದಿಷ್ಟು: "ಚಾವಿ ಹಿಡದ ಕೈ ಮ್ಯಾಲ ಏಳಬಾರದಲೇ."

ಹಾಗಾಗಿ ಮತದ ಹೊತ್ತಿಗೆ ಜಡೆಪ್ಪ ಚಾವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಕೂರುತ್ತಾರೆ. ದಿಲ್ಲಿಯ ಲೋಕಸಭೆಯಲ್ಲೂ ಇದಕ್ಕೊಂದು ಏರ್ಪಾಡಿದೆ. ಸದಸ್ಯರ ಮುಂದೆ ಹೌದು, ಇಲ್ಲ ಎನ್ನುವ ಗುಂಡಿಗಳ ಜೊತೆ ತಟಸ್ಥ ಎನ್ನುವುದೂ ಒಂದಿರುತ್ತದೆ. ಯಾವುದನ್ನೂ ಒತ್ತದೆ ಎದ್ದು ಹೊರನಡೆಯುವವರೂ ಇದ್ದಾರೆ. ಕಂಪ್ಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಟಿವಿಯಲ್ಲಿ ಜಡೆಪ್ಪ ಇದನ್ನೆಲ್ಲ ನೋಡಿದ್ದಾರೆ. "ಎದ್ದು ಹೋಗೂದು ಬ್ಯಾರೆ, ಕುಂತು ಸುಮ್ನಿರೂದು ಬ್ಯಾರೆ ರೀ. ಎದ್ದು ಹೋದಾವ ಬೈಸಿಕೊಳ್ಳೂದು ತಪ್ಪಿಸಿಕೊಂತಾನ. ಕುಂತಾವ ಎರಡೂ ಕಡೆಯವ್ರ ಮಾರಿ ನೋಡಬೇಕಲ್ಲ," ಎಂದು ಜೊತೆಯಲ್ಲಿ ಬಂದ ನಮಗೆ ಹೇಳುತ್ತಾರೆ.

ಈ ಸಲ ನೋಡಬೇಕಾಗಿ ಬಂದದ್ದು ಹೆಂಡತಿ ಹೊಳೆಮ್ಮನ ಮುಖ. ಅಣೆಕಟ್ಟೆಯಲ್ಲಿ ನೀರು ಕಡಿಮೆ. ಮೊದಲು ಮೇಲಿನವರಿಗೋ ಕೆಳಗಿನವರಿಗೋ ಎಂದು ಸಭೆ ಸೇರಿತು. ಸೋಮವಾರದವರೆಗೆ ಮೇಲಿನವರಿಗೆ, ಆಮೇಲೆ ಕೆಳಗಿನವರಿಗೆ ಎಂದಾಯಿತು; ಕೆಳಗಿನವರು ಸೋತದ್ದು ಒಂದೇ ಒಂದು ಕೈಯಿಂದ. ಜಡೆಪ್ಪ ಕೈ ಎತ್ತಿದ್ದರೆ ಸಮಸಮ ಆಗುತ್ತಿತ್ತು, ಆಗ ಕೆಳಭಾಗದವರೇ ಆದ ಅಧ್ಯಕ್ಷರ ಮಾತು ನಡೆಯುತ್ತಿತ್ತು. ಎಲ್ಲರ ಕಣ್ಣೂ ಅವರ ತೊಡೆಯ ಮೇಲಿನ ಚಾವಿಯ ಮೇಲೆ. ಕೈ ಏಳಲಿಲ್ಲ. ಮನೆಗೆ ಬಂದಾಗ ಹೊಳೆಮ್ಮ ಹೇಳಿದ್ದು ಒಂದೇ ಮಾತು: "ಎರಡು ಕೈ ಇದ್ದೂ ಇಲ್ಲದಂಗ ಕುಂತ್ರಿ." ಅವರ ಸಿಟ್ಟಿನಲ್ಲಿ ತಪ್ಪೇನಿದೆ? ನಾಟಿ ಮಾಡಿದ ಪೈರು ಕಣ್ಣೆದುರೇ ಹಳದಿಯಾಗುತ್ತಿತ್ತು.

ಕಟ್ಟೆಯ ಮೇಲೆ ಬಿಸಿಲು ಬೀಳುತ್ತಿದೆ. ಸಿದ್ದಲಿಂಗೇಶ್ ಕೊನೆಗೆ ಕುಟುಕುತ್ತಾರೆ: "ನೀನೂ ಕೆಳಗಿನಾವನ ಅಲ್ಲೇನು? ನಿನ್ನ ಹೊಲಕ್ಕ ಅವಸರ ಐತಿ, ಅದಕ್ಕ ಮುಚ್ಚಾಕ ಬಂದಿ."

"ಸಭಾದಾಗ ನನ್ನ ಕೈ ಎದ್ದಿದ್ದು ನೋಡಿದ್ರೇನ್ರಿ ಗೌಡ್ರ?"

ಸಿದ್ದಲಿಂಗೇಶ್ ಕಾಲುವೆಯ ಕಡೆ ನೋಡುತ್ತಾರೆ, ಚಾವಿಯ ಕಡೆ ನೋಡುತ್ತಾರೆ. "ಇಲ್ಲಪ್ಪ," ಎಂದು ಪಂಚೆ ಝಾಡಿಸಿಕೊಂಡು ಏಳುತ್ತಾರೆ. ಜಡೆಪ್ಪ ಚಾವಿ ಹಾಕಿ ತಿರುಗಿಸುತ್ತಾರೆ. ತುಕ್ಕು ಹಿಡಿದ ಬಾಗಿಲು ಕಿರುಗುಟ್ಟುತ್ತಾ ಇಳಿಯುತ್ತದೆ, ನೀರು ಕೆಳಮುಖವಾಗುತ್ತದೆ. ಉಚ್ಚೆಂಗಪ್ಪನವರಿಗೆ ಆಗದೇ ಹೋದದ್ದು ಇದು.

ಕೆಳಗಿನ ಹೊಲಗಳನ್ನೆಲ್ಲ ಒಂದೊಂದಾಗಿ ದಾಟಿ ನೀರು ಜಡೆಪ್ಪನವರ ಹೊಲ ಮುಟ್ಟುವಾಗ ಹೊತ್ತು ಇಳಿದಿದೆ. ಹೊಳೆಮ್ಮ ಸಲಿಕೆ ಹಿಡಿದು ಬದುವಿನ ಮೇಲೆ ನಿಂತಿದ್ದಾರೆ. ಅಂಚಿನ ಒಂದು ಮಡಿ ಪೂರ್ತಿ ಒಣಗಿದೆ, ಅದಿನ್ನು ಚಿಗುರುವುದಿಲ್ಲ. ಜಡೆಪ್ಪ ಬಗ್ಗಿ ಒಂದು ಒಣ ಬುಡ ಕಿತ್ತು ನೋಡುತ್ತಾರೆ. ಉಳಿದ ಪೈರಿನ ಬುಡಕ್ಕೆ ನೀರು ನುಗ್ಗುತ್ತಿದೆ.

"ರೊಟ್ಟಿ ಆರಿ ಹೋಗ್ಯಾವು. ಉಣ್ರಿ," ಎನ್ನುತ್ತಾರೆ ಹೊಳೆಮ್ಮ. ಸಭೆಯ ದಿನದ ಆ ಒಂದು ಮಾತಿನ ನಂತರ ಗಂಡನೊಡನೆ ಇದೇ ಮೊದಲು ಬಾಯಿ ಬಿಟ್ಟದ್ದು.

ಉಣ್ಣುತ್ತಾ ಜಡೆಪ್ಪ ಹೆಂಡತಿಯ ಕಡೆ ಕೈ ತೋರಿಸಿ, ತಮಗಿರುವ ಒಂದೇ ಆಸೆಯನ್ನು ನಮಗೆ ಹೇಳಿಕೊಳ್ಳುತ್ತಾರೆ: "ಈ ಹೊಲ ಆಕಿ ಹೆಸರಿಗೆ ಮಾಡಿಬಿಡಬೇಕು ರೀ. ಮುಂದಿನ ಸಭಾಕ್ಕ ಆಕಿ ಮೆಂಬರ್ ಆಗಿ ಬರ್ಲಿ, ತನಗ ಸರಿ ಕಂಡಲ್ಲಿ ಕೈ ಎತ್ತಲಿ. ನಾನು ಚಾವಿ ಹಿಡಕೊಂಡು ಕುಂದ್ರತೀನಿ."

ಹೊಳೆಮ್ಮ ಸಲಿಕೆಯಿಂದ ಮಣ್ಣು ಸರಿಸಿ ನೀರಿಗೆ ದಾರಿ ಮಾಡುತ್ತಿದ್ದಾರೆ. ತಲೆ ಎತ್ತದೆ ಹೇಳುತ್ತಾರೆ: "ಹಂಗ ಮಾಡ್ರಿ. ಆದ್ರ ಅವತ್ತು ನನ್ನ ಬಾಜೂಕ ಕುಂದರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ನನ್ನ ಕೈನೂ ಏಳಾಂಗಿಲ್ಲ."