ಬಲಗೆನ್ನೆಯ ಮಚ್ಚೆ

ಸ್ಟುಡಿಯೊದಲ್ಲಿ ಎಲ್ಲರೂ ಅವಳನ್ನು ಬೆರಳಕ್ಕ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ಬೆರಳು ಜಾಸ್ತಿ. ಇಪ್ಪತ್ತೆಂಟು ವರ್ಷ ಮಗ್ಗದ ಮುಂದೆ ಕೂತು, ಕಲಾವಿದೆ ಮೇಡಂ ಬರೆದುಕೊಟ್ಟ ಚಿತ್ರಗಳನ್ನು ಎಳೆಎಳೆಯಾಗಿ ಬಟ್ಟೆಗೆ ಇಳಿಸಿದ್ದಳು. ಮನೆಮಠ ಬಿಟ್ಟು ಹೋದವರ ಕಥೆ, ಯಾರ್ಯಾರದೋ ಅಜ್ಜಿಯರ ಕಥೆ. ಗೋಡೆಗೆ ತೂಗುಹಾಕಿದ ಮೇಲೆ ಕೆಳಗಿನ ಚೀಟಿಯಲ್ಲಿ ಮಾತ್ರ ಮೇಡಂ ಹೆಸರೊಂದೇ. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಅದಕ್ಕೆ ಅವಳು ಕೊರಗಿದವಳಲ್ಲ. ಕೊರಗಿದ್ದು ಅವಳ ಅಮ್ಮ.

"ಊರವರ ಕಥೆಯನ್ನೆಲ್ಲ ನೇಯ್ತೀಯ. ನಮ್ಮದೊಂದು ನೇಯೋಕೆ ನಿನ್ನ ಹತ್ರ ದಾರ ಇಲ್ವೇನೇ?"

ಅಮ್ಮನಿಗೆ ಮರೆವು ಶುರುವಾದಾಗ ಈ ಮಾತು ಮಗಳ ಎದೆಗೆ ನಾಟಿತು. ಅಮ್ಮ ಮೊದಲು ಅಕ್ಕಪಕ್ಕದವರನ್ನು ಮರೆತಳು, ಆಮೇಲೆ ಬೀದಿಯನ್ನು, ಆಮೇಲೆ ಗಂಡ ಸತ್ತದ್ದನ್ನು. ಮಗಳ ಗುರುತು ಇನ್ನೂ ಇತ್ತು. ಅದು ಅಳಿಸುವ ಮುಂಚೆ ಅಮ್ಮ ಬಟ್ಟೆಯಲ್ಲಿ ತನ್ನ ಮುಖ ನೋಡಿ, ಇದು ನಾನು, ನೇಯ್ದವಳು ನನ್ನ ಮಗಳು ಎಂದುಬಿಟ್ಟರೆ ಸಾಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಮನೆಯ ಮುಂದಿನ ಕೋಣೆಯ ಕಿಟಕಿ ಪಕ್ಕ ಮಗ್ಗ ಹೂಡಿ, ಎದುರಿಗೆ ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿದಳು. ಚಿತ್ರ ಬರೆದುಕೊಳ್ಳಲಿಲ್ಲ, ಹೆತ್ತವಳ ಮುಖಕ್ಕೆ ಚಿತ್ರ ಬೇರೆ ಬೇಕೇ ಎಂಬ ಧಿಮಾಕು. ಕಂಡದ್ದನ್ನು ಕಂಡಂತೆ ನೇಯ್ದಳು, ಏಳು ತಿಂಗಳು. ಬಲಗೆನ್ನೆಯ ಮಚ್ಚೆಯೊಂದಕ್ಕೇ ಎರಡು ದಿನ ಹಿಡಿಯಿತು. ಬರೀ ಕಪ್ಪು ಒಪ್ಪಲಿಲ್ಲವೆಂದು ಬಿಚ್ಚಿ, ಕಂದು ಬೆರೆಸಿ, ಮತ್ತೆ ನೇಯ್ದಳು. "ಕೂತೂ ಕೂತೂ ಬೇರು ಬಿಟ್ಟೀನು ಕಣೇ" ಎಂದು ಗೊಣಗುತ್ತಲೇ ಅಮ್ಮ ಕೂರುತ್ತಿದ್ದಳು.

ಈ ಬಗೆಯ ನೇಯ್ಗೆಯಲ್ಲಿ ನೇಯುವವಳಿಗೆ ಕಾಣುವುದು ಬಟ್ಟೆಯ ಬೆನ್ನು ಮಾತ್ರ, ಗೋಡೆಗೆ ಹಾಕಲಾಗದ ಗಂಟು, ದಾರದ ತುದಿಗಳ ಕಡೆ. ಮುಖ ಕೆಳಗೆ, ನೆಲದ ಕಡೆ. ಮಗ್ಗದಿಂದ ಕತ್ತರಿಸಿ ತಿರುಗಿಸಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೇ ಮೇಡಂ ಚಿತ್ರವನ್ನು ಮೊದಲೇ ಅದಲುಬದಲು ಮಾಡಿ ಕೊಡುತ್ತಿದ್ದರು. ಆ ತಲೆನೋವು ಬೆರಳಕ್ಕನಿಗೆ ಯಾವತ್ತೂ ಬಂದಿರಲಿಲ್ಲ. ಮಗ್ಗದ ಮೂಲೆಮೂಲೆ ಬಲ್ಲವಳು, ಆದರೇನು, ದೀಪದ ಬುಡದಲ್ಲೇ ಕತ್ತಲೆ.

ಒಂದು ಮಧ್ಯಾಹ್ನ ಬಟ್ಟೆಯನ್ನು ಕತ್ತರಿಸಿ ಗೋಡೆಯ ಕೊಕ್ಕೆಗೆ ಹಾಕಿದಳು. ಮಚ್ಚೆ ಎಡಗೆನ್ನೆಯಲ್ಲಿ ಕೂತಿತ್ತು. ಮಗ್ಗದ ಮೇಲಿದ್ದರೆ ಬಿಚ್ಚಬಹುದಿತ್ತು. ಕತ್ತರಿಸಿದ್ದನ್ನು ಏನು ಮಾಡುವುದು? ಹೋಗಲಿ, ಒಂದು ಮಚ್ಚೆ ತಾನೇ, ಅಮ್ಮನಿಗೆಲ್ಲಿ ತಿಳಿಯುತ್ತದೆ ಎಂದುಕೊಂಡು ಕೈಹಿಡಿದು ಕರೆತಂದಳು.

ಅಮ್ಮನ ಮುಖ ಅರಳಿತು. "ಅಕ್ಕಾ! ಯಾವಾಗ ಬಂದೆ?"

ಅಮ್ಮನ ಜೊತೆ ಅವಳಿಯಾಗಿ, ಹತ್ತು ನಿಮಿಷ ಮುಂಚೆ ಹುಟ್ಟಿದ ಅಕ್ಕ ಅವಳು. ಹದಿನೇಳಕ್ಕೇ ಜ್ವರದಲ್ಲಿ ತೀರಿಹೋದವಳು. ಹೆತ್ತ ತಾಯಿಗೂ ಇಬ್ಬರ ಗುರುತು ಸಿಗುತ್ತಿದ್ದದ್ದು ಮಚ್ಚೆಯಿಂದ: ತಂಗಿಗೆ ಬಲಕ್ಕೆ, ಅಕ್ಕನಿಗೆ ಎಡಕ್ಕೆ. ಮಗಳು ಇದನ್ನು ನೂರು ಸಲ ಕೇಳಿದ್ದಳು.

"ಅಮ್ಮಾ, ಅದು ನೀನು. ನಾನು ನೇಯ್ದಿದ್ದು."

"ನನ್ನ ಅಕ್ಕನ ಗುರುತು ನನಗೆ ಸಿಗಲ್ವಾ? ಸುಮ್ನಿರು."

ಮೊದಲೆರಡು ದಿನ ಹರಟೆ, ನಗು. ಮೂರನೆಯ ದಿನ ಅಳು. "ಮಾತಾಡೇ ಅಕ್ಕಾ. ಇನ್ನೂ ಕೋಪಾನಾ?" ಊಟ ಬಿಟ್ಟಳು, ಗೋಡೆಯ ಮುಂದಿನಿಂದ ಏಳಲಿಲ್ಲ.

ಸುದ್ದಿ ತಿಳಿದು ಬಂದ ಮೇಡಂ ಬಟ್ಟೆಯನ್ನು ಕಣ್ತುಂಬ ನೋಡಿದರು. "ತಪ್ಪು ಅಂತ ಯಾಕಂತೀರಿ? ಮನುಷ್ಯನ ಗುರುತೇ ಹೀಗೆ ಒಂದು ಮಚ್ಚೆಯ ಮೇಲೆ ನಿಂತಿರೋದಲ್ವಾ? ಪ್ರದರ್ಶನಕ್ಕೆ ಕೊಡಿ, ಈ ಸಲ ನಿಮ್ಮ ಹೆಸರೇ ಹಾಕೋಣ" ಎಂದರು. ಬೆರಳಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವರು ಹೋದ ಮೇಲೆ, ಇದು ಕಣ್ಣಿಂದ ಮರೆಯಾದರೆ ಅಮ್ಮ ಒಂದು ತುತ್ತು ಉಂಡಾಳು ಎಂದು ಸ್ಟೂಲು ಹತ್ತಿದಳು. ಕೊಕ್ಕೆಗೆ ಕೈ ಹಾಕುವಷ್ಟರಲ್ಲಿ ಅಮ್ಮ ಅವಳ ಕಾಲು ಹಿಡಿದುಬಿಟ್ಟಳು.

"ಅವಳನ್ನ ಕರ್ಕೊಂಡು ಹೋಗ್ಬೇಡಿ. ನೀವು ಯಾರೋ ಪುಣ್ಯಾತ್ಗಿತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳು ಇನ್ನೂ ನನ್ನ ಕ್ಷಮಿಸಿಲ್ಲ."

ಮಗಳ ಕೈ ಅಲ್ಲೇ ನಿಂತಿತು. ಕಾಲು ಬಿಡಿಸಿಕೊಳ್ಳಲೂ ಧೈರ್ಯ ಸಾಲಲಿಲ್ಲ. "ಏನು ತಪ್ಪು ಮಾಡಿದ್ದೆ ಅಮ್ಮಾ?"

ಅಮ್ಮ ಗೋಡೆಯತ್ತ ನೋಡಿದಳು. "ನನಗೆ ಮರೆತುಹೋಗಿದೆ. ಅವಳಿಗೆ ನೆನಪಿದೆ. ಅದಕ್ಕೇ ಮಾತಾಡ್ತಿಲ್ಲ. ನೀವಾದ್ರೂ ಒಂದ್ಮಾತು ಕೇಳಿ ನೋಡಿ."

ಮಗಳು ಏಳು ತಿಂಗಳು ತಾನೇ ನೇಯ್ದ ಮುಖದತ್ತ ತಿರುಗಿದಳು. "ದೊಡ್ಡಮ್ಮಾ" ಎಂದಳು. ಅಮ್ಮ ಕಾಲು ಬಿಡದೆ ಉತ್ತರಕ್ಕೆ ಕಾದಳು.