ಕರಡಿಗೆ ಇಲ್ಲದ ಹಗಲು

ಪ್ರಾಗ್ ನಗರದ ಹಳೆಯ ಗೋಪುರವೊಂದನ್ನು ಹತ್ತಿ ಇಳಿದು, ಕಲ್ಲುಹಾಸಿನ ಇಳಿಜಾರಿನಲ್ಲಿ ನಡೆಯುತ್ತಿದ್ದಾಗ ನನ್ನ ಕೈ ತಾನಾಗಿ ಎದೆಗೆ ಹೋಯಿತು. ಸ್ವೆಟರಿನ ಕೆಳಗೆ ಏನೂ ತಗಲಲಿಲ್ಲ.

ಅಲ್ಲಿ ಇರಬೇಕಾದದ್ದು ಕರಡಿಗೆ, ನಿಂಬೆಹಣ್ಣಿನ ಗಾತ್ರದ ಬೆಳ್ಳಿಯದು. ಅದರೊಳಗೆ ನನ್ನ ಇಷ್ಟಲಿಂಗ. ಎಂಟನೇ ವಯಸ್ಸಿನಲ್ಲಿ, ಕೊಟ್ಟೂರಿನ ನಮ್ಮ ಮನೆಯಲ್ಲಿ, ಸ್ವಾಮಿಗಳು ದೀಕ್ಷೆ ಕೊಟ್ಟು ಕಟ್ಟಿದ್ದು. ಮೈಯಿಂದ ಬೇರೆ ಮಾಡಬಾರದು, ಬೇರೆಯವರು ಮುಟ್ಟಬಾರದು, ಅದಿಲ್ಲದೆ ಉಣ್ಣಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದಳು.

"ಕಳಕೊಂಡ್ರ?" ಎಂದು ಕೇಳಿದ್ದೆ.

"ಕಳಕೊಂಡೋರು ಉಳಿಯಂಗಿಲ್ಲವ್ವಾ." ಅವಳು ಪುಂಡಿಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

ನಾನು ದೊಡ್ಡ ಭಕ್ತೆಯೇನಲ್ಲ. ಓದಲೆಂದು ಬಂದ ಡ್ರೆಸ್ಡೆನ್‌ನಲ್ಲಿ ನನ್ನ ಪೂಜೆ ಎಂದರೆ ಮೂರು ನಿಮಿಷ. ಆದರೆ ಕರಡಿಗೆ ಬಿಚ್ಚಿಟ್ಟು ಒಂದು ರಾತ್ರಿಯೂ ಮಲಗಿದವಳಲ್ಲ.

ಎಲ್ಲಿ ತಪ್ಪಿತೆಂದು ಕೂಡಲೇ ಹೊಳೆಯಿತು. ಬೆಳಿಗ್ಗೆ ಗೋಪುರದ ಬಾಗಿಲಲ್ಲಿ ಲೋಹ ತಪಾಸಣೆಯ ಚೌಕಟ್ಟು ನನ್ನನ್ನು ಕಂಡು ಕೂಗಿತ್ತು. ಹಿಂದೆ ಉದ್ದದ ಸಾಲು. ಗೆಳತಿಯರಿಗೆ ಬೆನ್ನು ತಿರುಗಿಸಿ, ಕರಡಿಗೆಯನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟೆ. ಆಚೆ ಹೋಗಿ ಕೋಟು, ಚೀಲ, ಫೋನು ಎತ್ತಿಕೊಂಡೆ. ಕರವಸ್ತ್ರ ಎತ್ತಿಕೊಂಡ ನೆನಪಿಲ್ಲ.

ಬೆನ್ನು ತಿರುಗಿಸಿದ್ದು ಮುಖ್ಯವಾಗಿ ಒಬ್ಬಳಿಗಾಗಿ. ಜೊತೆಗಿದ್ದ ಇಬ್ಬರಲ್ಲಿ ಒಬ್ಬಳು ಪೋಲೆಂಡಿನ ಸಹಪಾಠಿ, ಈ ಊರನ್ನು ಮೊದಲೇ ನೋಡಿದ್ದವಳು. ಇನ್ನೊಬ್ಬಳು ಹಗರಿಬೊಮ್ಮನಹಳ್ಳಿಯವಳು. ಅವಳ ಊರಿಗೂ ನಮ್ಮ ಊರಿಗೂ ಒಂದು ಗಂಟೆಯ ಬಸ್ಸು. ಆದರೂ ನಾವು ಒಂದೇ ತಟ್ಟೆಯಲ್ಲಿ ಅನ್ನ ಸಾರು ಉಣ್ಣಲು ಜರ್ಮನಿಗೆ ಬರಬೇಕಾಯಿತು. ಅವರ ಮನೆಯಲ್ಲಿ ಬುದ್ಧನ ಫೋಟೋ ಇದೆ. ಅಪ್ಪ ಸರ್ಕಾರಿ ನೌಕರ. ತಾತ ನಮ್ಮಂಥವರ ಹೊಲದಲ್ಲಿ ದುಡಿದವರು. ಇದನ್ನು ಅವಳೇ ಒಮ್ಮೆ ಈರುಳ್ಳಿ ಹೆಚ್ಚುತ್ತಾ ಹೇಳಿದ್ದಳು. ಅಂದಿನಿಂದ ನಾನು ಕತ್ತು ಮುಚ್ಚುವ ಅಂಗಿಗಳನ್ನೇ ತೊಟ್ಟೆ. ಕೊರಳಲ್ಲಿ ಇದ್ದದ್ದನ್ನು ಅವಳು ನೋಡಿದರೆ ಆ ತಟ್ಟೆ ಎರಡಾಗುತ್ತದೆ ಎಂಬ ಹೆದರಿಕೆ ನನಗೆ.

ಶೌಚಾಲಯದ ನೆಪ ಹೇಳಿ ಏರು ಹತ್ತಿ ಗೋಪುರದತ್ತ ಓಡಿದೆ. ಕಾವಲಿನವನು ಖಾಲಿ ತಟ್ಟೆಗಳನ್ನು ಒಂದೊಂದಾಗಿ ಮಗುಚಿ ತೋರಿಸಿದ. ಯಾರೋ ತೆಗೆದುಕೊಂಡಿರಬೇಕು ಎಂದ. ಬೆಳ್ಳಿಯನ್ನು ಇಟ್ಟುಕೊಂಡು ಒಳಗಿನ ಕಪ್ಪು ಕಲ್ಲನ್ನು ಯಾವುದೋ ಕಸದ ಡಬ್ಬಿಗೆ ಎಸೆಯುವ ಕೈಯೊಂದು ನನ್ನ ಕಣ್ಣ ಮುಂದೆ ಬಂತು.

ಊಟದ ಹೊತ್ತಿಗೆ ನೆಲಮಾಳಿಗೆಯ ಹೋಟೆಲೊಂದರಲ್ಲಿ ಕುಳಿತೆವು. ಹಸಿವಿಲ್ಲ ಎಂದೆ.

"ಇವತ್ತು ಸೋಮವಾರನೂ ಅಲ್ಲ. ಯಾವ ದೇವರಿಗೆ ಉಪಾಸಲೇ?" ಎಂದು ಊರಿನ ಗೆಳತಿ ನಕ್ಕಳು. "ಬಟಾಟಿ ಐತಿ ನೋಡು, ಬರೇ ಬಟಾಟಿ. ಕೋಳಿ ಇದನ್ನ ನೋಡೂ ಇಲ್ಲ."

ನಾನು ನಗಲಿಲ್ಲ. ಅವಳ ನಗುವೂ ಅರ್ಧಕ್ಕೆ ನಿಂತಿತು. ಆಮೇಲೆ ಅವಳು ಎಡಗೈಯನ್ನು ಕೋಟಿನ ಜೇಬಿನಿಂದ ತೆಗೆಯಲೇ ಇಲ್ಲ. ಚಳಿ ಎಂದುಕೊಂಡೆ.

ನದಿಯ ಹತ್ತಿರ ಬಂದಾಗ ಅವ್ವನ ಫೋನು.

"ಉಂಡ್ಯೇನವ್ವಾ?"

"ಉಂಡೆ."

"ನಿಮ್ಮಜ್ಜಿ ಮಧ್ಯಾಹ್ನದಿಂದ ಮಲಗ್ಯಾಳ. ತಲಿ ಸುತ್ತತೈತಂತ. ನೀ ಗಾಬರಿ ಆಗಬ್ಯಾಡ."

ಸೇತುವೆಯ ಮೇಲೆ ಮಂಜು ಇಳಿಯುತ್ತಿತ್ತು. ಎರಡೂ ಬದಿಯ ಕಪ್ಪಾದ ವಿಗ್ರಹಗಳ ತಲೆಗಳು ಕಾಣುತ್ತಿರಲಿಲ್ಲ. ಪೋಲೆಂಡಿನವಳು ಯಾವ ಸಂತನನ್ನು ಯಾವ ಕಡೆಯಿಂದ ನೀರಿಗೆ ನೂಕಿದರೆಂದು ಉತ್ಸಾಹದಿಂದ ವಿವರಿಸುತ್ತಿದ್ದಳು. ನಾನು ಮನಸ್ಸಿನಲ್ಲೇ ಅಜ್ಜಿಯ ಉಸಿರನ್ನು ಎಣಿಸುತ್ತಿದ್ದೆ. ಕಳಕೊಂಡವರು ಉಳಿಯುವುದಿಲ್ಲ ಎಂಬ ಅವಳ ಮಾತು ನನ್ನನ್ನು ತಪ್ಪಿ ಅವಳಿಗೇ ತಗಲಿದರೆ? ಮಾಸ್ಟರ್ಸ್ ಓದುತ್ತಿರುವವಳು ಹೀಗೆ ಯೋಚಿಸಬಾರದು. ಯೋಚಿಸಿದೆ.

ನಾಲ್ಕೂವರೆಗೆಲ್ಲ ಕತ್ತಲಾಯಿತು. ರೈಲು ನಿಲ್ದಾಣ ತಲುಪುವಷ್ಟರಲ್ಲಿ ಅವ್ವನ ಸಂದೇಶ ಬಂತು: ಅಜ್ಜಿ ಬಿಪಿ ಗುಳಿಗೆ ಮರೆತಿದ್ದಳಂತೆ, ಈಗ ಎದ್ದು ಚಹಾ ಕುಡಿದಳಂತೆ. ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ.

ಪೋಲೆಂಡಿನವಳು ಕಾಫಿ ತರಲು ಹೋದಳು. ಊರಿನ ಗೆಳತಿ ನನ್ನ ಮುಂದೆ ಬಂದು ನಿಂತು, ಕೋಟಿನ ಜೇಬಿನಿಂದ ಕೈ ತೆಗೆದಳು. ಅಂಗೈ ಮೇಲೆ ನನ್ನ ಕರವಸ್ತ್ರದ ಗಂಟು.

"ತಟ್ಟಿಯೊಳಗ ಬಿಟ್ಟು ಹೋಗಿದ್ದಿ."

"ಏನಂತ ಗೊತ್ತಿತ್ತಾ?" ಎಂದೆ.

"ನಮ್ಮ ಕಡೆ ಹುಟ್ಟಿ ಕರಡಿಗಿ ಗೊತ್ತಿರಂಗಿಲ್ಲೇನಲೇ? ನೀ ಕತ್ತಿನತನಕ ಗುಂಡಿ ಹಾಕ್ಕೊಳ್ಳಾಕ ಶುರು ಮಾಡಿದಾಗನ ಗೊತ್ತಾತು." ಅವಳು ಗಂಟಿನ ಕಡೆ ನೋಡಿದಳು. "ಬಟ್ಟಿ ಬಿಚ್ಚಿಲ್ಲ. ಒಳಗಿಂದು ಮುಟ್ಟಿಲ್ಲ. ಮೆಟ್ಲು ಹತ್ತೋವಾಗನ ಕೊಡಬೇಕಂದ್ಕೊಂಡೆ. ಕೊಟ್ರ 'ಮುಟ್ಟಿಲ್ಲ' ಅಂತ ಹೇಳಬೇಕಾಗತೈತಿ. ಯಾಕ ಹೇಳಬೇಕು ನಾನು ಅಂತ ಸಿಟ್ಟು ಬಂತು. ಆಮ್ಯಾಲ ನೀ ಉಣ್ಣಲಿಲ್ಲ."

ನಾನು ಕೈ ಚಾಚಿದೆ. ಬೆರಳುಗಳು ಕರವಸ್ತ್ರದ ಮೇಲ್ತುದಿಯನ್ನಷ್ಟೇ ಹಿಡಿದು ಗಂಟನ್ನು ಎತ್ತಿಕೊಂಡವು, ಅವಳ ಅಂಗೈ ತಗಲದ ಹಾಗೆ.

ಹಾಗೆ ಮಾಡಬೇಕೆಂದು ನಾನು ಅಂದುಕೊಂಡಿರಲಿಲ್ಲ. ಯಾರೂ ಕೂರಿಸಿಕೊಂಡು ಕಲಿಸಿದ್ದೂ ಅಲ್ಲ. ನಮ್ಮ ಹಿತ್ತಲಲ್ಲಿ ಕೆಲಸದವರು ಬೊಗಸೆ ಒಡ್ಡಿದಾಗ ಅಜ್ಜಿ ಚೊಂಬನ್ನು ಎಷ್ಟು ಎತ್ತರಕ್ಕೆ ಹಿಡಿದು ನೀರು ಹೊಯ್ಯುತ್ತಿದ್ದಳೋ, ಆ ಅಂತರ ನನ್ನ ಕೈಗೂ ಗೊತ್ತಿತ್ತು. ಕೆಳಗಿದ್ದ ಅಂಗೈಗಂತೂ ಗೊತ್ತಿತ್ತು.

ಅವಳು ಖಾಲಿ ಕೈಯನ್ನು ಒಂದು ಕ್ಷಣ ಹಾಗೇ ಹಿಡಿದಿದ್ದಳು. ಆಮೇಲೆ ಮೆಲ್ಲಗೆ ಜೇಬಿಗೆ ಇಳಿಸಿದಳು.

"ಇದನ್ನ ನೋಡಬಾರದಂತನ ಹಗಲೆಲ್ಲಾ ಕೊಡಲಿಲ್ಲ," ಎಂದಳು.

ಅಷ್ಟರಲ್ಲಿ ರೈಲು ಬಂದು ನಿಂತಿತು. ನಾನು ಹೆಸರು ಹಿಡಿದು ಕೂಗಿದೆ. ಅವಳು ಮುಂದಿನ ಡಬ್ಬಿಯ ಕಡೆ ನಡೆಯುತ್ತಿದ್ದಳು.